ಹಲ್ಲುಪುಡಿ ಡಬ್ಬಿಯ ಹುಡುಗಿ

"ಓದದೆ ಸಹಿ ಹಾಕಿದವರು ಎಷ್ಟು ಜನ ಇದ್ದೀರಿ? ನಾಚಿಕೆ ಬೇಡ, ಕೈ ಎತ್ತಿ," ಎಂದು ವಕೀಲೆ ಕೇಳಿದಾಗ ಕೋಣೆಯೆಲ್ಲ ನಕ್ಕು ಕೈ ಎತ್ತಿತು. ಚರ್ಮದ ಚೀಲ ಹೊಲಿಯುವ ದಪ್ಪ ಮನುಷ್ಯ ಎರಡೂ ಕೈ ಎತ್ತಿದ. ಮಣ್ಣಿನ ಪಾತ್ರೆ ಮಾಡುವ ಹೆಂಗಸು, ಮದುವೆ ಫೋಟೋ ತೆಗೆಯುವ ಗಡ್ಡದವನು, ಹಿಂದಿನ ಬೆಂಚಿನಲ್ಲಿ ಗುಸುಗುಸು ಎನ್ನುತ್ತಿದ್ದ ಇಬ್ಬರು ಹಾಡುಗಾರ್ತಿಯರು, ಎಲ್ಲರೂ ಎತ್ತಿದರು. ಪಕ್ಕದಲ್ಲಿ ಕೂತಿದ್ದ ತಂಗಿಯೂ ಎತ್ತಿದಳು; ಅವಳದು ಯಾವುದೋ ಬ್ಯಾಂಕಿನ ಕಾಗದ. ಅವಳ ಅಣ್ಣನೊಬ್ಬ ಮಾತ್ರ ಬೆಂಚಿನ ಕೆಳಗೆ ಬಗ್ಗಿ, ಬೀಳದೇ ಇದ್ದ ಪೆನ್ನನ್ನು ನೆಲದ ಮೇಲೆ ಹುಡುಕತೊಡಗಿದ. ಕೆಳಗೆ ಸಾಲು ಸಾಲಾಗಿ ಕಾಲುಗಳು ಕಂಡವು. ಯಾರ ಕಾಲಿಗೂ ಅವಸರವಿರಲಿಲ್ಲ. ಬಗ್ಗಿದವನು ಏಳಲು ತಡಮಾಡಿದಷ್ಟೂ ಏಳುವುದು ಕಷ್ಟವಾಗುತ್ತದೆ ಎಂದು ಗೊತ್ತಿದ್ದೂ ಅವನು ಹಾಗೇ ಇದ್ದ.

"ಏನಣ್ಣ, ಏನು ಬಿತ್ತು?"

"ಪೆನ್ನು."

"ಜೇಬಲ್ಲೇ ಇದೆಯಲ್ಲೋ!" ಎಂದು ತಂಗಿ ನಕ್ಕಳು. ನಗುವಾಗ ಎಂದಿನಂತೆ ಅವಳ ಅಂಗೈ ತಾನಾಗಿ ಬಾಯಿಗೆ ಅಡ್ಡ ಬಂತು.

ಈ ತರಗತಿಗೆ ಅವನನ್ನು ಎಳೆದು ತಂದವಳೇ ಅವಳು. ಕಲಾವಿದರು ಸ್ವಂತ ಉದ್ಯೋಗ ಶುರುಮಾಡುವ ಮೊದಲು ತಿಳಿದಿರಬೇಕಾದ ಕಾನೂನು, ವ್ಯವಹಾರ. ಗ್ರಂಥಾಲಯದ ಮೇಲ್ಮಹಡಿ, ಪ್ರವೇಶ ಉಚಿತ. ಶಾಲೆಯವರು ಡ್ರಾಯಿಂಗ್ ಪೀರಿಯಡ್ಡನ್ನೇ ತೆಗೆದುಹಾಕಿ ಅವನನ್ನು ಸನ್ಮಾನ ಮಾಡಿ ಕಳಿಸಿದ ಮೇಲೆ ಅವನು ಮನೆಯಲ್ಲಿ ಕೂತು ಕಿಟಕಿಯ ಸರಳು ಎಣಿಸುತ್ತಿದ್ದಾಗ, ಅವನ ಹೆಂಡತಿಯೂ ತಂಗಿಯೂ ಒಂದೇ ಫೋನಿನಲ್ಲಿ ಅವನ ಭವಿಷ್ಯ ತೀರ್ಮಾನಿಸಿದ್ದರು: ಮಕ್ಕಳ ಕ್ಲಿನಿಕ್ಕು, ಬಾಲವಾಡಿ, ಹಲ್ಲಿನ ಡಾಕ್ಟರ ಕೋಣೆ, ಇಂಥ ಕಡೆಯ ಗೋಡೆಗಳಿಗೆ ಚಿತ್ರ ಬರೆಯುವುದು. ಬರೆಯುವವನು ಅಣ್ಣ, ಗಿರಾಕಿಗಳನ್ನು ನೋಡಿಕೊಳ್ಳುವವಳು ತಂಗಿ. ಕನ್ನಡಕದ ಅಂಗಡಿಯಲ್ಲಿ ಇಷ್ಟು ವರ್ಷ ದುಡಿದವಳಿಗೆ ಮನುಷ್ಯರ ಮುಖದ ವಿಷಯ ಹೇಳಿಕೊಡಬೇಕೇ? ಫ್ರೇಮನ್ನು ಬಿಸಿಗಾಳಿಗೆ ಹಿಡಿದು ಚೂರು ಬಗ್ಗಿಸಿ ಒಬ್ಬೊಬ್ಬರ ಕಿವಿಯ ಹಿಂದೆ ಕೂರಿಸುವಾಗ ಅವಳು ಆಡುವ ಮಾತಿಗೇ ಅರ್ಧ ಜನ ಅಲ್ಲಿ ಬರುತ್ತಾರೆಂದು ಮಾಲೀಕನೇ ಹೇಳುತ್ತಿದ್ದ. ಈಗ ಅವಳು ವಕೀಲೆ ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದಳು. ಹೆಸರು ನೋಂದಾಯಿಸಿ. ಮನೆಯ ದುಡ್ಡು ಬೇರೆ, ಉದ್ಯೋಗದ ದುಡ್ಡು ಬೇರೆ. ಮುಂಗಡ ಕೇಳುವುದು ಭಿಕ್ಷೆ ಅಲ್ಲ. ಆ ವಾಕ್ಯಕ್ಕೆ ಅವಳು ಅಡಿಗೆರೆ ಎಳೆದು ಮೊಣಕೈಯಿಂದ ಅವನನ್ನು ತಿವಿದಳು.

ವಕೀಲೆ ಬಿಳಿ ಹಲಗೆಯ ಮೇಲೆ 'ಚಿತ್ರ ಯಾರದು?' ಎಂದು ಬರೆದಳು. ಅವಳ ಅಕ್ಷರ ದುಂಡಗಿತ್ತು. ಕೊಂಡವರದು ಕಾಗದ, ಬರೆದವರದು ಚಿತ್ರ; ನೀವು ಬರೆದು ಕೊಡದ ಹೊರತು ಚಿತ್ರದ ಹಕ್ಕು ನಿಮ್ಮನ್ನು ಬಿಟ್ಟು ಹೋಗುವುದಿಲ್ಲ, ಬರೆದುಕೊಟ್ಟರೆ ಅತ್ತರೂ ಬರುವುದಿಲ್ಲ ಎಂದಳು. ಅವನು ಬರೆದುಕೊಟ್ಟಿದ್ದ. ಕಲಾಶಾಲೆ ಮುಗಿಸಿದ ವರ್ಷ, ಗೆಳೆಯರೆಲ್ಲ ಸೇರಿ ಮಾಡಿದ ಪ್ರದರ್ಶನದಲ್ಲಿ, ಹಲ್ಲುಪುಡಿ ಕಂಪನಿಯ ಆ ಸಣಕಲು ಮನುಷ್ಯ ಗೋಡೆಯ ಮೇಲಿದ್ದ ತಂಗಿಯ ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದ. ಜಡೆ ಬಿಚ್ಚಿಹೋದ, ಮೂಗಿನ ಮೇಲೆ ಬೆವರು ನಿಂತ, ಯಾವುದಕ್ಕೋ ಗಹಗಹಿಸಿ ನಗುತ್ತಿರುವ ಹುಡುಗಿ; ಮೇಲಿನ ಸಾಲಿನ ಒಂದು ಹಲ್ಲು ಪಕ್ಕದ ಹಲ್ಲಿನ ಹೆಗಲೇರಿ ಕೂತಿತ್ತು. ಆ ಹಲ್ಲಿಗಾಗಿಯೇ ಅವನು ಆ ಚಿತ್ರ ಬರೆದದ್ದು. ಕಂಪನಿಯ ಮನುಷ್ಯ ಕಾಗದ ತೆಗೆದು, "ಮನೆಗೆ ತಗೊಂಡು ಹೋಗಿ ನಿಧಾನವಾಗಿ ಓದಿ ಸಾರ್, ನಾಳೆ ಕೊಟ್ಟರೂ ಆಯ್ತು," ಎಂದಿದ್ದ. ಮೋಸ ಹೋದೆ ಎಂದಾದರೂ ಹೇಳಿಕೊಳ್ಳಬಹುದಿತ್ತು, ಆ ಭಾಗ್ಯವೂ ಇಲ್ಲ. ಸುತ್ತ ಗೆಳೆಯರಿದ್ದರು. ಅವನು ತಲೆ ಹಿಂದೆ ಚೆಲ್ಲಿ, "ಓದೋದು ಗುಮಾಸ್ತರ ಕೆಲಸ, ನಾನು ಬರೆಯೋನು," ಎಂದು ಒಬ್ಬ ಗೆಳೆಯನನ್ನು ಬಗ್ಗಿಸಿ ಅವನ ಬೆನ್ನನ್ನೇ ಮೇಜು ಮಾಡಿಕೊಂಡು ಸಹಿ ಎಳೆದಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಬೆನ್ನು ಕೊಟ್ಟವನು ಕಚಗುಳಿಯಾಗಿ ನಕ್ಕಿದ್ದರಿಂದ ಸಹಿಯ ಬಾಲ ಸೊಟ್ಟಗಾಗಿತ್ತು.

ತಂಗಿಯನ್ನು ಅವನು ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ. ಮನೆಯ ಹುಡುಗಿ, ಕೂರು ಎಂದರೆ ಕೂರುವವಳು, ಅವಳನ್ನು ಕೇಳುವುದೇನು? ಆ ಚಿತ್ರ ಹೊತ್ತ ಹಲ್ಲುಪುಡಿ ಡಬ್ಬಿ ಅಂಗಡಿಗೆ ಬಂದ ದಿನ ಅವಳೇ ಓಡಿ ಬಂದು ಎಲ್ಲರಿಗೂ ತೋರಿಸಿದ್ದಳು. ಆಮೇಲೆ ಕನ್ನಡಿಯ ಮುಂದೆ ಡಬ್ಬಿಯನ್ನು ಕೆನ್ನೆಯ ಪಕ್ಕ ಹಿಡಿದು ಬಹಳ ಹೊತ್ತು ನಿಂತಳು. "ಅಣ್ಣ, ನನ್ನ ಹಲ್ಲು ಹೀಗಿದೆಯಾ?" ಎಂದಳು. ಕಂಪನಿಯವರು ಆ ಹಲ್ಲನ್ನು ಸಾಲಿಗೆ ತಂದಿದ್ದರು. ಸಾಲಾಗಿ, ಬೆಳ್ಳಗೆ, ಜೋಡಿಸಿಟ್ಟ ಹಾಗೆ. ಹಲ್ಲುಪುಡಿ ಮಾರುವವರು ಸೊಟ್ಟ ಹಲ್ಲು ಹಾಕುತ್ತಾರೆಯೇ? ಶಾಲೆಯಲ್ಲಿ ಅವಳ ಹೆಸರು ಹಲ್ಲುಪುಡಿ ಎಂದಾಯಿತು. 'ಏ ಹಲ್ಲುಪುಡಿ, ಡಬ್ಬೀಲಿ ನೆಟ್ಟಗಿದೆ, ಬಾಯಲ್ಲಿ ಯಾಕೆ ಸೊಟ್ಟ?' ಬಸ್ಸಿನಲ್ಲಿ, ಕೊಳಾಯಿಯ ಹತ್ತಿರ, ಅಂಗಡಿಯ ಕಟ್ಟೆಯ ಮೇಲೆ ಅದೇ ಮಾತು. ಅವಳ ಅಂಗೈ ಬಾಯಿಗೆ ಬರತೊಡಗಿದ್ದು ಆಗ. ಒಂದು ಸಂಜೆ ಅವನು ಬಣ್ಣ ಕಲಸುತ್ತಿದ್ದಾಗ ಬಾಗಿಲಲ್ಲಿ ನಿಂತು, ತನ್ನದಲ್ಲದ ಯಾವುದನ್ನೋ ಕೇಳುವವಳ ಹಾಗೆ ಕೇಳಿದಳು: "ಅಣ್ಣ, ಅದನ್ನ ತೆಗೆಸೋಕಾಗುತ್ತಾ?"

"ಚಿತ್ರದ ಹಕ್ಕು ಒಂದು, ಮುಖದ ಹಕ್ಕು ಇನ್ನೊಂದು," ಎನ್ನುತ್ತಿದ್ದಳು ವಕೀಲೆ. "ಯಾರ ಮುಖ ಬರೀತೀರೋ, ಅದನ್ನ ವ್ಯಾಪಾರಕ್ಕೆ ಕೊಡೋ ಮೊದಲು ಅವರ ಒಪ್ಪಿಗೆ ಬರಹದಲ್ಲಿ ಇರಲಿ. ಮಕ್ಕಳಾದ್ರೆ ಅಪ್ಪ ಅಮ್ಮಂದಿರದ್ದು. ಮನೆಯವರು, ಸ್ವಂತದವರು ಅಂತ ಬಿಡಬೇಡಿ. ಹೊರಗಿನವರಾದ್ರೆ ನಾವೇ ಕೇಳ್ತೀವಿ. ಮನೆಯವರನ್ನೇ ನಾವು ಕೇಳೋದಿಲ್ಲ."

ಅವನು ತಂಗಿಯ ಕಡೆ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ. ಅವಳು ಆಗಲೇ ಕೈ ಎತ್ತಿದ್ದಳು.

"ಮೇಡಂ, ಒಂದು ವಿಷಯ ಹೇಳಲಾ? ಹಲ್ಲುಪುಡಿ ಡಬ್ಬಿ ಮೇಲೆ ಹುಡುಗಿ ಇದಾಳಲ್ಲ, ನಗ್ತಾ ಇರೋಳು? ಅದು ನಾನೇ."

ಕೋಣೆಯಲ್ಲಿ 'ಅಯ್ಯೋ' ಎಂದು ಹಬ್ಬದಂಥ ಗದ್ದಲವೆದ್ದಿತು. ಹಾಡುಗಾರ್ತಿಯರು ಎದ್ದು ನಿಂತು ನೋಡಿದರು. ಚೀಲದವನು, "ನಮ್ಮನೇಲಿ ಅದೇ ಡಬ್ಬಿ ಕಣಮ್ಮ, ಇವತ್ತು ಬೆಳಿಗ್ಗೆ ತಾನೇ ನಿಮ್ಮ ಮುಖ ನೋಡಿ ಎದ್ದೆ," ಎಂದ. ಎಲ್ಲರೂ ನಕ್ಕರು. ತಂಗಿಯೂ ನಕ್ಕಳು, ಅಂಗೈಯ ಹಿಂದೆ. ಆಮೇಲೆ ಅವನ ಹೆಗಲ ಮೇಲೆ ಕೈಯಿಟ್ಟಳು. "ಬರೆದಿದ್ದು ನಮ್ಮಣ್ಣ. ಆಗ ಇದೆಲ್ಲ ಯಾರಿಗೆ ಗೊತ್ತಿತ್ತು? ಆದ್ರೆ ಒಂದು ಹೇಳ್ತೀನಿ ಮೇಡಂ. ನನಗೆ ಶಾಲೇಲಿ ಕಾಟ ಜಾಸ್ತಿ ಆದಾಗ ಇವನು ಇಸ್ತ್ರಿ ಶರ್ಟ್ ಹಾಕ್ಕೊಂಡು ನೇರ ಕಂಪನಿಗೆ ಹೋದ. ತೆಗೀರಿ ಅಂದ. ಗೇಟಿನ ಕಾವಲುಗಾರ ಕುತ್ತಿಗೆ ಹಿಡಿದು ದಬ್ಬಿದನಂತೆ. ಇಷ್ಟು ದೊಡ್ಡ ಕಲಾವಿದನ್ನ!"

ಕುತ್ತಿಗೆ ಹಿಡಿದ ಎಂದು ಅವನು ಹೇಳಿರಲಿಲ್ಲ. ಒಳಗೆ ಬಿಡಲಿಲ್ಲ ಎಂದಷ್ಟೇ ಹೇಳಿದ್ದು. ಅಮ್ಮ ಹೇಳುವಾಗ ಕಾವಲುಗಾರನಿಗೆ ಮೀಸೆ ಬಂತು, ಅತ್ತೆ ಹೇಳುವಾಗ ಲಾಠಿ ಬಂತು, ಅವನ ಮದುವೆಯ ಮಾತುಕತೆಯಲ್ಲಿ ಹೆಣ್ಣಿನ ಕಡೆಯವರಿಗೆ ಹುಡುಗನ ಗುಣ ಹೇಳುವಾಗ ಸೋದರಮಾವ ಅದಕ್ಕೆ ನಾಯಿಯನ್ನೂ ಸೇರಿಸಿದ. ಕತೆಗೆ ಕಾಲು ಬಂದು ಅದು ಊರೆಲ್ಲ ನಡೆಯುತ್ತಿದ್ದರೆ ಅವನು ಅದರ ಹಿಂದೆ ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದ. ಜನ ಅದನ್ನು ವಿನಯ ಎಂದುಕೊಂಡರು. ಆ ದಿನ ಅವನು ಬಸ್ಸು ಹತ್ತಿದ್ದು ನಿಜ. ಕಂಪನಿಯ ನಿಲ್ದಾಣಕ್ಕೆ ಟಿಕೆಟ್ ತೆಗೆದದ್ದೂ ನಿಜ. ದಾರಿಯಲ್ಲಿ ಆ ಸಣಕಲು ಮನುಷ್ಯ ಕಾಗದ ತೆಗೆದು ಮುಂದಿಟ್ಟು ತನ್ನ ಸೊಟ್ಟ ಬಾಲದ ಸಹಿಯನ್ನು ಬೆರಳಿನಿಂದ ತೋರಿಸುವುದು ಕಣ್ಣಿಗೆ ಕಟ್ಟಿತು. 'ಓದಿ ಅಂದಿದ್ದೆನಲ್ಲ ಸಾರ್?' ಅಷ್ಟೇ. ಆ ಒಂದು ಪ್ರಶ್ನೆಯನ್ನು, ಅದೂ ಅಷ್ಟು ಮರ್ಯಾದೆಯಿಂದ ಕೇಳಬಹುದಾದದ್ದನ್ನು, ಎದುರಿಸಲಾರದೆ ಅವನು ನಡುವೆಯೇ ಇಳಿದುಬಿಟ್ಟಿದ್ದ.

ವಕೀಲೆ ಪೆನ್ನಿನ ಮುಚ್ಚಳ ಹಾಕಿದಳು. ಅವಳಿಗೆ ನಿಜವಾಗಿಯೂ ಆಸಕ್ತಿ ಹುಟ್ಟಿತ್ತು. "ಹೌದಾ ಸಾರ್? ನೀವೇ ಹೋಗಿದ್ರಾ? ಅದು ಮುಖ್ಯ. ಆವಾಗಲೇ ಆಕ್ಷೇಪಣೆ ಹೇಳಿದ್ದೀರಿ ಅಂದ್ರೆ ಈಗಲೂ ಏನಾದ್ರೂ ಮಾಡಬಹುದೇನೋ ನೋಡೋಣ. ಎಲ್ಲಿ ಹೋಗಿದ್ರಿ, ಫ್ಯಾಕ್ಟರಿಗಾ, ಆಫೀಸಿಗಾ?"

"ಆಫೀಸಿಗೆ."

"ಯಾರನ್ನ ಕಂಡ್ರಿ?"

"ಯಾರನ್ನೂ... ಗೇಟಲ್ಲೇ."

"ಗೇಟಲ್ಲಿ."

"ಹೌದು. ಕಬ್ಬಿಣದ ಗೇಟು. ದೊಡ್ಡದು." ತನ್ನ ನಾಲಿಗೆ ತನಗೇ ಹೇಳದೆ ಗೇಟಿಗೆ ಹಸಿರು ಬಣ್ಣ ಬಳಿಯುತ್ತಿರುವುದು ಅವನಿಗೆ ಕೇಳಿಸಿತು. "ಹಸಿರು ಗೇಟು."

ವಕೀಲೆ ಅವನನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. ಆ ನೋಟದಲ್ಲಿ ಕೋಪವಿರಲಿಲ್ಲ. ತಪ್ಪು ಮನೆಯ ಬಾಗಿಲು ತೆರೆದವಳು ಮೆಲ್ಲಗೆ ಮುಚ್ಚುವ ಹಾಗೆ, "ಸರಿ ಸಾರ್," ಎಂದು ಹಲಗೆಯ ಕಡೆ ತಿರುಗಿ, ಗಿರಾಕಿ ಮಾತಿಗೆ ತಪ್ಪಿದರೆ ಮೊದಲು ನೋಟಿಸು ಹೇಗೆ ಕೊಡಬೇಕೆಂದು ಹೇಳತೊಡಗಿದಳು. ಅವನಿಗೆ ಅರ್ಥವಾಯಿತು. ಹೇಗೆ ಎಂದು ಗೊತ್ತಾಗದಿದ್ದರೂ, ಇವಳಿಗೆ ಗೊತ್ತಾಗಿದೆ ಎಂಬುದು ಅರ್ಥವಾಯಿತು. ಪಕ್ಕದಲ್ಲಿ ತಂಗಿ 'ನೋಟಿಸು' ಎಂದು ದೊಡ್ಡದಾಗಿ ಬರೆದುಕೊಂಡಳು.

ಊಟದ ಬಿಡುವಿನಲ್ಲಿ ಕಿಟಕಿಯ ಪಕ್ಕ ಕೂತು ಇಬ್ಬರೂ ಡಬ್ಬಿ ಬಿಚ್ಚುತ್ತಿದ್ದಾಗ ವಕೀಲೆಯೇ ತನ್ನ ಡಬ್ಬಿ ಹಿಡಿದು ಬಂದು ಎದುರಿಗೆ ಕುರ್ಚಿ ಎಳೆದುಕೊಂಡಳು. ಅವನ ಕಡೆ ನೋಡದೆ ತಂಗಿಗೆ ಹೇಳಿದಳು: "ನಾನು ಓದು ಮುಗಿಸಿದ ಮೇಲೆ ಮೊದಲು ಕೆಲಸಕ್ಕೆ ಸೇರಿದ್ದು ಅದೇ ಕಂಪನೀಲಿ. ಎರಡು ವರ್ಷ ಇದ್ದೆ. ನಿಮ್ಮ ಹತ್ರ ಆ ಕಾಗದ ಇದ್ರೆ ತಗೊಂಡು ಬನ್ನಿ, ನಾನೇ ನೋಡ್ತೀನಿ. ದುಷ್ಟರೇನಲ್ಲ ಅವರು. ಪೌಡರ್ ಡಬ್ಬಿ ಮೇಲಿದ್ದ ಮಗುವಿನ ಅಪ್ಪ ಬಂದು ಬೇಡ ಅಂದಾಗ ಮುಂದಿನ ಸಲ ಡಬ್ಬಿ ಅಚ್ಚಾಗೋವಾಗ್ಲೇ ಚಿತ್ರ ಬದಲಾಯಿಸಿದ್ರು. ಮಗು ವಿಷಯ, ಯಾಕೆ ರಗಳೆ ಅಂತ."

"ನೋಡು ಮತ್ತೆ!" ಎಂದಳು ತಂಗಿ. "ನಮ್ಮಣ್ಣ ಒಳಗೆ ಹೋಗೋಕಾಗಿದ್ರೆ ಅವತ್ತೇ ಆಗಿಬಿಡ್ತಿತ್ತು. ಎಲ್ಲ ಆ ಗೇಟಿನವನಿಂದ. ಮೇಡಂ, ನೀವಿದ್ದಾಗ ಅವನಿದ್ನಾ? ಮೀಸೆಯವನು?"

ವಕೀಲೆ ಡಬ್ಬಿಯ ಮುಚ್ಚಳವನ್ನು ತೆಗೆದು ಮತ್ತೆ ಹಾಕಿದಳು. ಸುಳ್ಳು ಹೇಳಲು ಬಾರದ ಹೆಂಗಸು. ಅವಳು ಹೇಳದಿರಲಿ ಎಂದು ಅವನು ಹಾರೈಸಿದ. ಹೇಳಿಬಿಡಲಿ ಎಂದೂ ಹಾರೈಸಿದ.

"ಗೇಟು... ಗೇಟು ಇರಲಿಲ್ಲಮ್ಮ. ಆಫೀಸು ಬಟ್ಟೆ ಅಂಗಡಿ ಮೇಲಿತ್ತು. ಮೆಟ್ಟಿಲು ಹತ್ತಿದ್ರೆ ಬಾಗಿಲು."

"ಈಗ ಅಲ್ಲಿರಬೇಕು. ಮೊದಲು ಬೇರೆ ಕಡೆ ಇತ್ತೇನೋ."

"ಇರಬಹುದು," ಎಂದಳು ವಕೀಲೆ, ಬೇಗನೆ, ಬಹಳ ಬೇಗನೆ. ಆದರೆ ಸಮಾಧಾನ ಮಾಡಲು ಹೊರಟವಳ ಬಾಯಿಂದ ಇನ್ನೊಂದು ಮಾತು ಜಾರಿತು. "ಮೊದಲಿನಿಂದ ಅಲ್ಲೇ ಅಂತ ಕೇಳಿದ್ದೆ. ಹಳೇ ಮಾತು, ಯಾರಿಗೆ ಜ್ಞಾಪಕ ಇರುತ್ತೆ." ಅವಳು ಯಾರೋ ಕರೆದರೆಂಬಂತೆ ಎದ್ದು ಹೋದಳು. ಯಾರೂ ಕರೆದಿರಲಿಲ್ಲ.

ತಂಗಿ ತುತ್ತನ್ನು ಕೈಯಲ್ಲೇ ಹಿಡಿದಿದ್ದಳು. ಗಿರಾಕಿಗೆ ಕನ್ನಡಕ ಹಾಕಿ ಎರಡು ಹೆಜ್ಜೆ ಹಿಂದೆ ಸರಿದು, ಯಾವ ಕಡೆ ಎಷ್ಟು ವಾಲಿದೆ ಎಂದು ನೋಡುವ ಹಾಗೆ ಅವನನ್ನು ನೋಡಿದಳು. ಅವನಿಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕಿಟಕಿಯ ಹೊರಗೆ ಎದುರು ಕಟ್ಟಡದ ತಾರಸಿಯಲ್ಲಿ ಯಾರದೋ ಒಗೆದ ಬಟ್ಟೆಗಳು ಗಾಳಿಗೆ ಬಡಿದುಕೊಳ್ಳುತ್ತಿದ್ದವು. ಏನಾದರೂ ಹೇಳಬೇಕು. ಆಫೀಸು ಬದಲಾಗಿರಬೇಕು ಎನ್ನಬಹುದು. ಫ್ಯಾಕ್ಟರಿಗೆ ಹೋಗಿದ್ದೆ, ಮರೆತೆ ಎನ್ನಬಹುದು.

"ಹೋಗಿರಲಿಲ್ವಾ?" ಎಂದಳು.

ಅವನು ತಲೆಯಾಡಿಸಿದ. ಹೌದು ಎಂದೋ ಇಲ್ಲ ಎಂದೋ ಅವನಿಗೇ ತಿಳಿಯದ ಹಾಗೆ ತಲೆ ಆಡಿತು, ಆದರೆ ಅವಳಿಗೆ ತಿಳಿಯಿತು.

"ಮತ್ತೆ ಅವತ್ತು ಇಡೀ ದಿನ ಎಲ್ಲಿದ್ದೆ?"

"ಸಿನಿಮಾಗೆ ಹೋಗಿದ್ದೆ."

"ಯಾವುದು?"

"ಯಾವುದೋ. ನಗೆ ಸಿನಿಮಾ."

ಅವಳು ತುತ್ತನ್ನು ಡಬ್ಬಿಯೊಳಗೆ ವಾಪಸು ಇಟ್ಟಳು. ಕೈ ಒರೆಸಿಕೊಂಡಳು. ಪಕ್ಕದಲ್ಲಿ ಹಾಡುಗಾರ್ತಿಯರು ಯಾರೋ ಸಭಾಧ್ಯಕ್ಷರನ್ನು ಅಣಕಿಸುತ್ತಿದ್ದರು.

"ನಕ್ಕೆಯಾ?"

ಇಂಥ ಪ್ರಶ್ನೆ ಬರಬಹುದೆಂದು ಅವನು ಎಂದೂ ಎಣಿಸಿರಲಿಲ್ಲ. ಬೈಯುತ್ತಾಳೆ, ಅಳುತ್ತಾಳೆ, ಎದ್ದು ಹೋಗುತ್ತಾಳೆ ಎಂದು ಇಷ್ಟು ವರ್ಷ ರಾತ್ರಿ ಹಗಲು ಬೇರೆ ಬೇರೆ ರೀತಿಯಲ್ಲಿ ಈ ಗಳಿಗೆಯನ್ನು ಬರೆದು ಅಳಿಸಿದ್ದ. ನಕ್ಕಿದ್ದ. ಕತ್ತಲಲ್ಲಿ, ಅಕ್ಕಪಕ್ಕ ಯಾರೂ ಇಲ್ಲದ ಸಾಲಿನಲ್ಲಿ, ತೆರೆಯ ಮೇಲೆ ಒಬ್ಬ ಜಾರಿ ಸುಣ್ಣದ ತೊಟ್ಟಿಗೆ ಬಿದ್ದಾಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಹೊರಗೆ ಬಂದ ಮೇಲೆ ಶರ್ಟಿನ ಇಸ್ತ್ರಿಯನ್ನು ಕೈಯಿಂದ ಮುದುರಿ, ಕೂದಲು ಕೆದರಿಕೊಂಡು, ಮನೆಗೆ ಹೋಗಿದ್ದ. ಅಮ್ಮ ಸ್ನಾನಕ್ಕೆ ನೀರು ಕಾಯಿಸಿದ್ದಳು. ತಂಗಿ ಅವನ ಮುಖ ನೋಡಿದ ಕೂಡಲೇ ಅತ್ತಿದ್ದಳು, ಹಲ್ಲುಪುಡಿ ಡಬ್ಬಿಯ ಕಾಟವನ್ನು ಮರೆತು, ಅಣ್ಣನಿಗಾದ ಅವಮಾನಕ್ಕೆ.

"ನಕ್ಕೆ," ಎಂದ.

"ಊಟ?"

"ಹೋಟೆಲಲ್ಲಿ ಮಾಡಿದೆ."

"ನಾನು ಮಾಡಿರಲಿಲ್ಲ," ಎಂದಳು ತಂಗಿ. ದೂರುವ ಧ್ವನಿಯಲ್ಲ, ಲೆನ್ಸಿನ ನಂಬರ್ ಹೇಳುವ ಧ್ವನಿ. "ನೀನು ನನಗೋಸ್ಕರ ಹೋಗಿದೀಯ, ನೀನು ಬರೋವರೆಗೂ ತಿನ್ನಬಾರದು ಅಂತ." ಆಮೇಲೆ ಅವಳು ಡಬ್ಬಿ ಮುಚ್ಚಿ ತೊಳೆಯಲು ಎದ್ದಳು. ಅವನ ಡಬ್ಬಿಯನ್ನೂ ತೆಗೆದುಕೊಂಡು ಹೋದಳು. ಅದೇ ಅವನಿಗೆ ಎಲ್ಲಕ್ಕಿಂತ ಹೆಚ್ಚಾಗಿ ನಾಟಿತು.

ಮಧ್ಯಾಹ್ನದ ಪಾಠ ಪಾಲುದಾರಿಕೆಯದು. ಜೊತೆಗೆ ಉದ್ಯೋಗ ಮಾಡುವವರು ಮೊದಲೇ ಏನೇನು ಬರೆದಿಟ್ಟುಕೊಳ್ಳಬೇಕು, ಹೆಸರು ಯಾರ ಸ್ವತ್ತು, ಒಬ್ಬರು ಬಿಟ್ಟು ಹೋದರೆ ಏನು. ವಕೀಲೆ ಯಾರಾದರೂ ಜೋಡಿ ಮುಂದೆ ಬನ್ನಿ ಎಂದಾಗ ಜನ ಅಣ್ಣ ತಂಗಿಯನ್ನೇ ತೋರಿಸಿದರು. ವಕೀಲೆ ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ತಂಗಿ ಎದ್ದು ಹೋಗಿ ಹಲಗೆಯ ಪಕ್ಕ ನಿಂತಿದ್ದಳು. ಅವನೂ ಹೋದ. ಶಾಲೆಯಲ್ಲಿ ಅಷ್ಟು ವರ್ಷ ಹಲಗೆಯ ಮುಂದೆ ನಿಂತವನಿಗೆ ಈಗ ಕೈಗಳನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಹಿಂದೆ ಕಟ್ಟಿಕೊಂಡ, ಬಿಟ್ಟ, ಮತ್ತೆ ಕಟ್ಟಿಕೊಂಡ. ಶಿಕ್ಷೆಗೆ ನಿಲ್ಲಿಸಿದ ಹುಡುಗರು ಹಾಗೆ ಮಾಡುವುದನ್ನು ಅವನು ಎಷ್ಟೋ ಸಲ ನೋಡಿದ್ದ.

"ಕೆಲಸ ಯಾರದು?" ಎಂದು ವಕೀಲೆ ಕೇಳಿದಳು.

"ಬರೆಯೋದು ಇವನು," ಎಂದಳು ತಂಗಿ.

"ಹೊರಗಿನವರ ಹತ್ರ ಮಾತು?"

"ನಾನು. ಎಲ್ಲಿಗೆ ಹೋಗಬೇಕಾದ್ರೂ ನಾನೇ ಹೋಗ್ತೀನಿ. ಅದನ್ನ ಬರ್ಕೊಳ್ಳಿ ಮೇಡಂ. ಇವನನ್ನ ಕಳಿಸೋದು ಬೇಡ."

ಕೋಣೆ ಮೆಚ್ಚುಗೆಯಿಂದ ನಕ್ಕಿತು. ಕಲಾವಿದನನ್ನು ವ್ಯವಹಾರದ ಧೂಳಿನಿಂದ ಕಾಪಾಡುವ ತಂಗಿ! ಮಣ್ಣಿನ ಪಾತ್ರೆಯ ಹೆಂಗಸು, "ನನಗೂ ಇಂಥ ತಂಗಿ ಬೇಕಿತ್ತು," ಎಂದಳು. ವಕೀಲೆ ನಗಲಿಲ್ಲ. ಅವಳು ದುಂಡಗಿನ ಅಕ್ಷರದಲ್ಲಿ ಬರೆದಳು: ಎಲ್ಲಿಗೆ ಹೋಗಬೇಕಾದರೂ ತಂಗಿ. ಆಮೇಲೆ, ಬೇರೆ ಷರತ್ತು ಏನಾದರೂ ಇದೆಯೇ ಎಂದಳು. ತಂಗಿ ಸ್ವಲ್ಪ ಯೋಚಿಸಿ, "ಮನೆಯವರ ಮುಖ ಬರೆಯೋದಾದ್ರೆ ಕೇಳಿ ಬರೀಬೇಕು. ಬೇಡ ಅಂದ್ರೆ ಬೇಡ," ಎಂದಳು. ಅದನ್ನೂ ವಕೀಲೆ ಬರೆದಳು. ಒಪ್ಪಿಗೆಯೇ ಸಾರ್ ಎಂದು ಅವಳು ಕೇಳಿದಾಗ ಅವನು ಹಲಗೆಯ ಮೇಲಿನ ಸಾಲುಗಳನ್ನು ಮೇಲಿನಿಂದ ಕೆಳಗಿನವರೆಗೆ ಓದಿದ. ಓದಲು ಅಲ್ಲಿ ಹೆಚ್ಚೇನೂ ಇರಲಿಲ್ಲ, ಆದರೂ ನಿಧಾನವಾಗಿ ಓದಿದ. ಯಾರೂ ಅವಸರ ಮಾಡಲಿಲ್ಲ. ಆಮೇಲೆ ಒಪ್ಪಿಗೆ ಎಂದ.

ತರಗತಿ ಮುಗಿದು ಎಲ್ಲರೂ ಕುರ್ಚಿ ಸರಿಸಿ ಏಳುವಾಗ ತಂಗಿ ನೇರವಾಗಿ ವಕೀಲೆಯ ಹತ್ತಿರ ಹೋದಳು. ದೂರದಿಂದ ಅವರ ತುಟಿಗಳು ಆಡುವುದಷ್ಟೇ ಅವನಿಗೆ ಕಂಡಿತು. ವಕೀಲೆ ತನ್ನ ಕಾರ್ಡು ಕೊಟ್ಟಳು. ತಂಗಿ ಅದರ ಹಿಂದೆ ಏನೋ ಬರೆಸಿಕೊಂಡಳು, ಬಟ್ಟೆ ಅಂಗಡಿಯ ವಿಳಾಸವಿರಬೇಕು, ಪರ್ಸಿನೊಳಗೆ ಇಟ್ಟು ಗುಂಡಿ ಹಾಕಿದಳು. ಹೋಗುತ್ತಾಳೆ. ನಾಳೆಯೋ ನಾಡಿದ್ದೋ ಅಂಗಡಿಗೆ ರಜೆ ಹಾಕಿ, ಆ ಮೆಟ್ಟಿಲು ಹತ್ತಿ, ಬಾಗಿಲು ತಟ್ಟಿ, ತನ್ನ ಮುಖವನ್ನು ತಾನೇ ವಾಪಸು ಕೇಳುತ್ತಾಳೆ. ಅವರು ಕಾಗದ ತೆಗೆದು ಆ ಸೊಟ್ಟ ಬಾಲದ ಸಹಿಯನ್ನು ಅವಳಿಗೆ ತೋರಿಸುತ್ತಾರೆ. ತಾನೂ ಬರುತ್ತೇನೆ ಎನ್ನಬೇಕು ಎಂದುಕೊಂಡ. ಅದನ್ನು ಹೇಗೆ ಶುರುಮಾಡಬೇಕೆಂದು ಯೋಚಿಸುತ್ತ ಮೆಟ್ಟಿಲ ಬಳಿ ಬಂದಾಗ ಚೀಲದವನು ಅಡ್ಡ ಬಂದ. ಅವನ ಕೈಗೆ ತೊಗಲಿನ, ಮೇಣದ ವಾಸನೆಯಿತ್ತು. ಆ ಕೈಗಳು ಇವನ ಬಲಗೈಯನ್ನು ಹುಡುಕಿ ತಮ್ಮೆರಡರ ನಡುವೆ ಹಿಡಿದುಕೊಂಡವು.

"ಸಾರ್, ನನಗೂ ಇಬ್ಬರು ತಂಗಿಯರಿದಾರೆ. ಅವರಿಗೋಸ್ಕರ ಒಂದು ದಿನ ಒಂದು ಬಾಗಿಲು ತಟ್ಟಿದವನಲ್ಲ ನಾನು. ಬೆಳಿಗ್ಗೆ ನಿಮ್ಮ ಕತೆ ಕೇಳಿ ನಾಚಿಕೆ ಆಯ್ತು ಸಾರ್. ನಿಜ ಹೇಳ್ತೀನಿ."

"ಇಲ್ಲ, ನಾನು..." ಎಂದ ಅವನು. "ಅದು ಹಾಗಲ್ಲ, ನೋಡಿ, ಅವತ್ತು..."

"ಅವನು ಹೇಳ್ಕೊಳ್ಳಲ್ಲ ಬಿಡಿ," ಎಂದಳು ಹಿಂದಿನಿಂದ ಬಂದ ತಂಗಿ. ಅವಳ ಮುಖದಲ್ಲಿ ಗಿರಾಕಿಗಳಿಗೆ ತೋರಿಸುವ ನಗು ಇತ್ತು. ಅವನ ಕಡೆ ಅವಳು ನೋಡಲಿಲ್ಲ. "ಬೆಳಿಗ್ಗೆ ಹೋದವನನ್ನ ಸಂಜೆವರೆಗೂ ಬಿಸಿಲಲ್ಲಿ ನಿಲ್ಲಿಸಿದ್ರು ಪಾಪ. ಒಂದು ಲೋಟ ನೀರೂ ಕೊಡಲಿಲ್ಲ."

ಬಿಸಿಲೂ ನೀರೂ ಹಿಂದೆಂದೂ ಆ ಕತೆಯಲ್ಲಿ ಇರಲಿಲ್ಲ. ಚೀಲದವನ ಕಣ್ಣು ತೇವವಾಯಿತು. ಅವನು ಹಿಡಿದ ಕೈಯನ್ನು ಇನ್ನಷ್ಟು ಬಲವಾಗಿ ಒತ್ತಿದ. ತಂಗಿ ಆಗಲೇ ಮೆಟ್ಟಿಲಿಳಿಯುತ್ತಿದ್ದಳು.